ಕ್ಷಯರೋಗ ಗುಣವಾದ ನಂತರದ ಶ್ವಾಸಕೋಶದ ತೊಂದರೆಗಳು: ತಡೆ, ಆರೈಕೆ ಮತ್ತು ಗ್ರಾಮ ಪಂಚಾಯತ್‌ಗಳ ಪಾತ್ರ

ಕ್ಷಯರೋಗಕ್ಕೆ ನಿಗದಿತ ಅವಧಿಯ ಔಷಧಿಯನ್ನು ಮುಗಿಸಿದ ವ್ಯಕ್ತಿಯ ಹೆಸರಿನ ಮುಂದೆ ನಿಕ್ಷಯ್ ತಂತ್ರಾಂಶದಲ್ಲಿ ‘ಗುಣಮುಖ’ ಅಥವಾ ‘ಚಿಕಿತ್ಸೆ ಪೂರ್ಣ’ ಎಂದು ದಾಖಲಾಗುತ್ತದೆ. ಅಲ್ಲಿಗೆ ಪೌಷ್ಟಿಕ ಆಹಾರದ ಸಹಾಯಧನ ನಿಲ್ಲುತ್ತದೆ. ಆಶಾ ಕಾರ್ಯಕರ್ತೆಯ ಭೇಟಿಗಳು ವಿರಳವಾಗುತ್ತವೆ. ಪಂಚಾಯತ್‌ನ ಲೆಕ್ಕದಲ್ಲಿ ಒಂದು ಪ್ರಕರಣ ಮುಗಿದಂತಾಗುತ್ತದೆ. ಆದರೆ ಅದೇ ವ್ಯಕ್ತಿ ತೋಟದ ತಗ್ಗಿನಿಂದ ಮನೆಯಂಗಳಕ್ಕೆ ಹತ್ತಿ ಬರುವಾಗ ನಡುವೆ ಎರಡು ಸಲ ನಿಂತು ಉಸಿರೆಳೆದುಕೊಳ್ಳುವುದು, ಮಳೆಗಾಲ ಬಂತೆಂದರೆ ವಾರಗಟ್ಟಲೆ ಕಫದಿಂದ ನರಳುವುದು, ಹಿಂದಿನ ಕೂಲಿ ಕೆಲಸವನ್ನು ಬಿಟ್ಟು ಮನೆಯಲ್ಲಿ ಕುಳಿತುಕೊಳ್ಳುವುದು ಹಲವು ಗ್ರಾಮಗಳಲ್ಲಿ ಕಂಡುಬರುವ ಸ್ಥಿತಿ. ರೋಗಾಣು ನಾಶವಾದ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಈ ಹಾನಿಯನ್ನು ವೈದ್ಯಶಾಸ್ತ್ರವು ‘ಕ್ಷಯೋತ್ತರ ಶ್ವಾಸಕೋಶ ರೋಗ’ ಎಂದು ಗುರುತಿಸುತ್ತದೆ. ಇದನ್ನು ತಡೆಯುವುದರಲ್ಲಿಯೂ, ಬಂದವರನ್ನು ಆಧರಿಸುವುದರಲ್ಲಿಯೂ ಗ್ರಾಮ ಪಂಚಾಯತ್ ಸದಸ್ಯರು ಮಾಡಬಹುದಾದ ಕೆಲಸ ಬಹಳಷ್ಟಿದೆ. ಅದರ ವಿವರಣೆಯೇ ಈ ಲೇಖನದ ಉದ್ದೇಶ.

1. ವಿಷಯದ ವ್ಯಾಪ್ತಿ

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರು ಕ್ಷಯರೋಗಕ್ಕೆ ತುತ್ತಾದರು. ಅವರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಜನರು ಭಾರತದವರು. ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಜನರು ಬದುಕುಳಿಯುತ್ತಾರೆ. ಹೀಗೆ ಒಮ್ಮೆ ಕ್ಷಯರೋಗ ಬಂದು ಬದುಕುಳಿದವರು 2020ರ ವೇಳೆಗೆ ಜಗತ್ತಿನಲ್ಲಿ ಸುಮಾರು 15 ಕೋಟಿ 50 ಲಕ್ಷ ಮಂದಿ ಇದ್ದರೆಂದು ಅಂದಾಜಿಸಲಾಗಿದೆ. ಶ್ವಾಸಕೋಶದ ಕ್ಷಯದಿಂದ ಗುಣವಾದವರಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿಯಲ್ಲಿ ಶ್ವಾಸಕೋಶದ ಸಾಮರ್ಥ್ಯ ಒಂದಲ್ಲ ಒಂದು ಪ್ರಮಾಣದಲ್ಲಿ ಕುಗ್ಗಿರುವುದನ್ನು ಅಧ್ಯಯನಗಳು ತೋರಿಸಿವೆ. ಎಲ್ಲರಿಗೂ ತೀವ್ರ ತೊಂದರೆ ಇರುವುದಿಲ್ಲ; ಆದರೆ ತೀವ್ರ ತೊಂದರೆ ಉಳ್ಳವರಿಗೆ ದುಡಿಮೆಯೇ ಕೈತಪ್ಪುತ್ತದೆ.

ಈ ವಿಷಯಕ್ಕೆಂದೇ ಮೀಸಲಾದ ಮೊದಲ ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆದದ್ದು 2019ರಲ್ಲಿ, ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್ ನಗರದಲ್ಲಿ. ಕ್ಷಯೋತ್ತರ ತೊಂದರೆಗಳ ತಪಾಸಣೆ ಮತ್ತು ಪುನಶ್ಚೇತನದ ಬಗ್ಗೆ ತಜ್ಞರು ರೂಪಿಸಿದ ಮಾನದಂಡಗಳು 2021ರಲ್ಲಿ ಪ್ರಕಟವಾದವು. ರೋಗ ಸಹಸ್ರಾರು ವರ್ಷಗಳಷ್ಟು ಹಳೆಯದಾದರೂ, ಗುಣವಾದವರ ಮುಂದಿನ ಬದುಕಿನತ್ತ ಗಮನ ಹರಿದದ್ದು ತೀರ ಇತ್ತೀಚೆಗೆ.

ಇದಕ್ಕೆ ಒಂದು ಚಾರಿತ್ರಿಕ ಕಾರಣವೂ ಇದೆ. ಔಷಧಿಗಳಿಲ್ಲದ ಕಾಲದಲ್ಲಿ ಕ್ಷಯರೋಗಿಗಳು ಮದನಪಲ್ಲಿಯ ಸಮೀಪದ ಆರೋಗ್ಯವರಂನಂತಹ ಆರೋಗ್ಯಧಾಮಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇರಬೇಕಾಗುತ್ತಿತ್ತು. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ಮನೆಯಲ್ಲಿದ್ದು ಔಷಧಿ ಸೇವಿಸಿದವರೂ ಆಸ್ಪತ್ರೆಯಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂಬುದನ್ನು 1959ರ ವೇಳೆಗೆ ಸಾಬೀತುಪಡಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಹಳ್ಳಿಹಳ್ಳಿಗೆ ತಲುಪಬಲ್ಲ ಕಾರ್ಯಕ್ರಮವನ್ನು ರೂಪಿಸಿತು. ಇದರಿಂದ ಲಕ್ಷಾಂತರ ಜೀವಗಳು ಉಳಿದವು. ಆದರೆ ಆರೋಗ್ಯಧಾಮಗಳಲ್ಲಿ ನಡೆಯುತ್ತಿದ್ದ ಚೇತರಿಕೆಯ ಕಾಲದ ವಿಶ್ರಾಂತಿ, ಆಹಾರ, ನಿಧಾನವಾದ ನಡಿಗೆಯ ಅಭ್ಯಾಸ ಇವುಗಳ ಹೊಣೆಯನ್ನು ಮನೆ ಮತ್ತು ಊರು ವಹಿಸಿಕೊಳ್ಳಬೇಕಾಗಿತ್ತು. ಆ ವ್ಯವಸ್ಥೆ ಇನ್ನೂ ಪೂರ್ಣವಾಗಿ ರೂಪುಗೊಂಡಿಲ್ಲ.

2. ರೋಗಾಣು ಸತ್ತ ಮೇಲೂ ತೊಂದರೆ ಏಕೆ?

ಗೆದ್ದಲು ಹಿಡಿದ ತೊಲೆಗೆ ಔಷಧ ಹೊಡೆದರೆ ಗೆದ್ದಲು ಸಾಯುತ್ತದೆ. ಅದು ತಿಂದು ಟೊಳ್ಳುಮಾಡಿದ ಮರ ಮರಳಿ ತುಂಬಿಕೊಳ್ಳುವುದಿಲ್ಲ. ಶ್ವಾಸಕೋಶದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಕ್ಷಯದ ರೋಗಾಣು ಮತ್ತು ಅದರ ವಿರುದ್ಧ ದೇಹ ನಡೆಸುವ ಹೋರಾಟ ಇವೆರಡೂ ಸೇರಿ ಶ್ವಾಸಕೋಶದ ಮೃದುವಾದ ಭಾಗವನ್ನು ನಾಶಪಡಿಸುತ್ತವೆ. ಗಾಯ ಮಾಯುವಾಗ ಅಲ್ಲಿ ಗಟ್ಟಿಯಾದ ಕಲೆ ಉಳಿಯುತ್ತದೆ. ಹಾನಿಯ ಸ್ವರೂಪ ಮುಖ್ಯವಾಗಿ ನಾಲ್ಕು ಬಗೆಯದು.

ಮೊದಲನೆಯದು, ಶ್ವಾಸನಾಳಗಳ ಶಾಶ್ವತ ಹಿಗ್ಗುವಿಕೆ; ವೈದ್ಯರು ಇದನ್ನು ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಹಿಗ್ಗಿದ ನಾಳಗಳಲ್ಲಿ ಕಫ ಸಂಗ್ರಹವಾಗಿ ಪದೇ ಪದೇ ಸೋಂಕು ತಗಲುತ್ತದೆ. ಎರಡನೆಯದು, ಶ್ವಾಸನಾಳಗಳು ಕಿರಿದಾಗಿ ಉಸಿರು ಹೊರಹೋಗಲು ತಡೆಯುಂಟಾಗುವುದು. ಬೀಡಿ ಸಿಗರೇಟು ಸೇದದವರಿಗೂ ಇದು ಬರಬಹುದು. ಮೂರನೆಯದು, ಶ್ವಾಸಕೋಶ ನಾರುಗಟ್ಟಿ ಅಥವಾ ಅದರ ಹೊರಪೊರೆ ದಪ್ಪವಾಗಿ ಪೂರ್ಣವಾಗಿ ಅರಳಲಾರದ ಸ್ಥಿತಿ. ನಾಲ್ಕನೆಯದು, ಶ್ವಾಸಕೋಶದಲ್ಲಿ ಉಳಿದುಕೊಳ್ಳುವ ಪೊಳ್ಳು ಕುಹರಗಳು. ಇಂತಹ ಕುಹರದಲ್ಲಿ ಆಸ್ಪರ್ಜಿಲ್ಲಸ್ ಎಂಬ ಬೂಸು ಬೆಳೆದು ಉಂಡೆಗಟ್ಟಬಹುದು. ಆಗ ಕೆಮ್ಮಿನಲ್ಲಿ ರಕ್ತ ಬರುವ ಅಪಾಯವಿರುತ್ತದೆ. ಹಾನಿ ಬಹಳ ವಿಸ್ತಾರವಾಗಿದ್ದರೆ ಕಾಲಕ್ರಮದಲ್ಲಿ ಹೃದಯದ ಬಲಭಾಗದ ಮೇಲೂ ಹೊರೆ ಬಿದ್ದು ಕಾಲುಗಳಲ್ಲಿ ಬಾವು ಕಾಣಿಸಿಕೊಳ್ಳುತ್ತದೆ.

ರೋಗ ತಡವಾಗಿ ಪತ್ತೆಯಾದವರು, ಎರಡು ಅಥವಾ ಹೆಚ್ಚು ಸಲ ಕ್ಷಯ ಬಂದವರು, ಔಷಧ ನಿರೋಧಕ ಕ್ಷಯವಿದ್ದವರು, ತಂಬಾಕು ಸೇದುವವರು, ಹೊಗೆ ಮತ್ತು ಧೂಳಿನಲ್ಲಿ ದುಡಿಯುವವರು ಹಾಗೂ ತೀವ್ರ ಅಪೌಷ್ಟಿಕತೆಯುಳ್ಳವರಲ್ಲಿ ಹಾನಿ ಹೆಚ್ಚಿರುವ ಸಂಭವವಿದೆ.

3. ಮತ್ತೆ ಕ್ಷಯವೋ, ಹಳೆಯ ಗಾಯವೋ?

ಗುಣವಾದ ವ್ಯಕ್ತಿಗೆ ಮತ್ತೆ ಕೆಮ್ಮು ಬಂದಾಗ ಎರಡು ಬಗೆಯ ತಪ್ಪು ಸಂಭವಿಸುತ್ತದೆ. ‘ಅದು ಹಳೆಯ ಕೆಮ್ಮು’ ಎಂದು ಕಡೆಗಣಿಸಿದರೆ ಮರುಕಳಿಸಿದ ಕ್ಷಯ ಪತ್ತೆಯಾಗದೆ ಮನೆಯವರಿಗೂ ಹರಡುತ್ತದೆ. ‘ಮತ್ತೆ ಕ್ಷಯವೇ’ ಎಂದು ಪರೀಕ್ಷೆಯಿಲ್ಲದೆ ನಿರ್ಧರಿಸಿದರೆ ಬೇಡದ ಔಷಧಿಯನ್ನು ಇನ್ನೊಮ್ಮೆ ತಿಂಗಳುಗಟ್ಟಲೆ ಸೇವಿಸಬೇಕಾಗುತ್ತದೆ. ನಿಜವಾದ ತೊಂದರೆಗೆ ಚಿಕಿತ್ಸೆ ಸಿಗುವುದೇ ಇಲ್ಲ.

ಹಳೆಯ ಕಲೆಗಳು ಎಕ್ಸ್-ರೇ ಚಿತ್ರದಲ್ಲಿ ಬದುಕಿನುದ್ದಕ್ಕೂ ಕಾಣುತ್ತವೆ. ಆದ್ದರಿಂದ ಚಿತ್ರ ಮಾತ್ರದಿಂದ ರೋಗ ಮರುಕಳಿಸಿದೆ ಎನ್ನಲಾಗದು. ಟ್ರೂನ್ಯಾಟ್, ಸಿಬಿನ್ಯಾಟ್‌ನಂತಹ ಅಣು ಪರೀಕ್ಷೆಗಳು ರೋಗಾಣುವಿನ ವಂಶವಾಹಿಯನ್ನು ಗುರುತಿಸುತ್ತವೆ. ಸತ್ತ ರೋಗಾಣುವಿನ ಅವಶೇಷ ಉಳಿದಿದ್ದರೂ ಅವು ‘ಇದೆ’ ಎನ್ನಬಹುದು. ಆದ್ದರಿಂದ ಹಿಂದೆ ಚಿಕಿತ್ಸೆ ಪಡೆದವರಲ್ಲಿ ಕಫದ ಸೂಕ್ಷ್ಮದರ್ಶಕ ಪರೀಕ್ಷೆ ಮತ್ತು ಕಲ್ಚರ್ ಪರೀಕ್ಷೆಗಳನ್ನೂ ನೋಡಿ ವೈದ್ಯರೇ ನಿರ್ಧರಿಸಬೇಕು. ಹಳೆಯ ಎಕ್ಸ್-ರೇ, ಚಿಕಿತ್ಸಾ ಕಾರ್ಡು ಹಾಗೂ ವರದಿಗಳನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರೆ ಹೋಲಿಕೆ ಸುಲಭವಾಗುತ್ತದೆ. ಮಳೆನೀರು ಸೋರುವ ಮನೆಗಳಲ್ಲಿ ಈ ಕಾಗದಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಇಡುವಂತೆ ಆಶಾ ಕಾರ್ಯಕರ್ತೆಯರು ತಿಳಿಸುವುದು ಸಣ್ಣ ಕೆಲಸವಾದರೂ ದೊಡ್ಡ ಉಪಕಾರ.

4. ತಡೆಯುವ ಬಗೆ

ಹಾನಿಯನ್ನು ತಡೆಯುವ ಮೊದಲ ಮಾರ್ಗ ಕ್ಷಯವನ್ನು ಬೇಗ ಪತ್ತೆಮಾಡುವುದು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಆಗಬೇಕು. ಕೆಮ್ಮಿನ ಸಿರಪ್ಪನ್ನೂ ಆ್ಯಂಟಿಬಯೋಟಿಕ್ ಮಾತ್ರೆಗಳನ್ನೂ ಅಂಗಡಿಯಿಂದ ತಾವೇ ತಂದು ಸೇವಿಸುತ್ತ ಕಳೆಯುವ ಪ್ರತಿಯೊಂದು ವಾರವೂ ಕುಹರವನ್ನು ದೊಡ್ಡದು ಮಾಡುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪತ್ತೆಯಾದ ಪ್ರಕರಣಗಳಲ್ಲಿ ಶೇ. 42.6ರಷ್ಟು ಎಕ್ಸ್-ರೇ ತೆಗೆಯದಿದ್ದರೆ ಕೈತಪ್ಪುತ್ತಿದ್ದವು. ಆದ್ದರಿಂದ ಲಕ್ಷಣಗಳು ಸ್ಪಷ್ಟವಾಗಿಲ್ಲದಿದ್ದರೂ ಅಪಾಯದ ಅಂಚಿನಲ್ಲಿರುವವರನ್ನು ಎಕ್ಸ್-ರೇ ಶಿಬಿರಕ್ಕೆ ಕರೆತರುವುದು ಅಗತ್ಯ. ರೋಗಿಯ ಮನೆಯವರಿಗೆ ತಪಾಸಣೆ ನಡೆಸಿ, ಕ್ಷಯವಿಲ್ಲವೆಂದು ಖಚಿತವಾದ ಬಳಿಕ ವೈದ್ಯರ ಸೂಚನೆಯಂತೆ ತಡೆ ಚಿಕಿತ್ಸೆ ನೀಡಲಾಗುತ್ತದೆ.

ಎರಡನೆಯ ಮಾರ್ಗ ಆಹಾರ. ಈ ವಿಷಯದಲ್ಲಿ ಜಗತ್ತಿನ ಗಮನ ಸೆಳೆದ ಸಂಶೋಧನೆಯೊಂದಕ್ಕೆ ಮಂಗಳೂರಿನ ನಂಟಿದೆ. ಇಲ್ಲಿನ ದೇರಳಕಟ್ಟೆಯಲ್ಲಿರುವ ಯೇನೆಪೋಯ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾದ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ನೇತೃತ್ವದ ತಂಡವು ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ‘ರೇಷನ್ಸ್’ ಎಂಬ ಅಧ್ಯಯನವನ್ನು ನಡೆಸಿತು. 2,800 ರೋಗಿಗಳು ಮತ್ತು ಅವರ ಮನೆಯ 10,345 ಸದಸ್ಯರು ಇದರಲ್ಲಿದ್ದರು. ಎಲ್ಲ ರೋಗಿಗಳಿಗೂ ಪ್ರತಿ ತಿಂಗಳು 10 ಕಿಲೋದಷ್ಟು ಆಹಾರ ಪದಾರ್ಥಗಳನ್ನು ನೀಡಲಾಯಿತು. ಒಂದು ಗುಂಪಿನಲ್ಲಿ ಮನೆಯ ಇತರ ಸದಸ್ಯರಿಗೂ ತಲಾ 5 ಕಿಲೋ ಅಕ್ಕಿ, ಬೇಳೆ ಕೊಡಲಾಯಿತು. ಆ ಗುಂಪಿನ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ತಗ್ಗಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆಯಿತ್ತು. 2023ರ ಆಗಸ್ಟಿನಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಬಾರದ ಕ್ಷಯವು ಶ್ವಾಸಕೋಶದಲ್ಲಿ ಕಲೆಯನ್ನು ಬಿಡುವುದಿಲ್ಲ. ಆದ್ದರಿಂದ ಮನೆಯವರ ಊಟದ ತಟ್ಟೆಯೂ ಕ್ಷಯೋತ್ತರ ರೋಗದ ತಡೆಯ ಭಾಗವೇ.

ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ಸಂದಾಯವಾಗುವ ಮೊತ್ತವು 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದು, 2024ರ ನವೆಂಬರ್ 1ರಿಂದ 1,000 ರೂಪಾಯಿಗೆ ಏರಿದೆ. ಈ ಹಣ ಊರಿನಲ್ಲಿ ಸಿಗುವ ಆಹಾರಕ್ಕೇ ಸಾಕಷ್ಟು ಒದಗುತ್ತದೆ: ಕುಚ್ಚಲಕ್ಕಿ ಗಂಜಿಯ ಜೊತೆಗೆ ಹುರುಳಿ ಅಥವಾ ಹೆಸರು, ಮೊಟ್ಟೆ, ನೆಲಗಡಲೆ, ಮೀನು ತಿನ್ನುವವರಿಗೆ ಅಗ್ಗದ ದಿನಗಳಲ್ಲಿ ಬೂತಾಯಿ, ಬಂಗುಡೆ. ದುಬಾರಿ ಪುಡಿಗಳ ಡಬ್ಬಿಗಳನ್ನು ಕೊಳ್ಳಬೇಕಾಗಿಲ್ಲ.

ಮೂರನೆಯ ಮಾರ್ಗ ಹೊಗೆ ಮತ್ತು ಹುಡಿಯಿಂದ ದೂರವಿರುವುದು. ಈ ಜಿಲ್ಲೆಯಲ್ಲಿ ಅಡುಗೆಗೆ ಅನಿಲ ಬಂದಿದ್ದರೂ ಸ್ನಾನದ ನೀರು ಕಾಯಿಸಲು ತೆಂಗಿನ ಸೋಗೆ, ಕೊತ್ತಳಿಗೆ, ಸಿಪ್ಪೆಗಳನ್ನು ಉರಿಸುವ ಬಚ್ಚಲೊಲೆ ಅನೇಕ ಮನೆಗಳಲ್ಲಿದೆ. ಬೆಳಗ್ಗೆ ಸಂಜೆ ಅದರ ಮುಂದೆ ಕೂತು ಊದುವವರು ಹೆಚ್ಚಾಗಿ ಮಹಿಳೆಯರು ಮತ್ತು ಹಿರಿಯರು. ಬೀಡಿ ಕಟ್ಟುವವರು ತಂಬಾಕಿನ ಹುಡಿಯನ್ನು ಸೇದದೆಯೇ ಉಸಿರಾಡುತ್ತಾರೆ. ಕೆಂಪುಕಲ್ಲಿನ ಕೋರೆ, ಗೇರುಬೀಜದ ಕಾರ್ಖಾನೆ, ಅಡಿಕೆ ಸುಲಿಯುವ ಕೊಟ್ಟಿಗೆ ಇವೆಲ್ಲ ಹುಡಿ ಅಥವಾ ಹೊಗೆಯ ತಾಣಗಳು. ಬೂಸು ಹಿಡಿದ ಬೈಹುಲ್ಲು ಮತ್ತು ಒದ್ದೆ ಅಡಿಕೆ ಸಿಪ್ಪೆಯ ರಾಶಿಯನ್ನು ಕೆದಕುವ ಕೆಲಸವನ್ನು, ಶ್ವಾಸಕೋಶದಲ್ಲಿ ಕುಹರ ಉಳಿದವರು ಮಾಡದಿರುವುದು ಕ್ಷೇಮ. ಬಚ್ಚಲೊಲೆಗೆ ಹೊಗೆಕೊಳವೆ, ಬೀಡಿ ಕಟ್ಟಲು ಮಲಗುವ ಕೋಣೆಯ ಬದಲು ಗಾಳಿಯಾಡುವ ಜಗಲಿ, ಹುಡಿಯ ಕೆಲಸದಲ್ಲಿ ಮುಖಗವಸು ಇವು ಕಡಿಮೆ ಖರ್ಚಿನ ಪರಿಹಾರಗಳು.

ಬೀಡಿ, ಸಿಗರೇಟು ಬಿಡುವುದು ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ. ತಂಬಾಕು ತ್ಯಜಿಸಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆ 1800-11-2356. ಮಧುಮೇಹ ಇರುವವರು ಸಕ್ಕರೆಯನ್ನು ಹತೋಟಿಯಲ್ಲಿಡಬೇಕು; ಇಲ್ಲದಿದ್ದರೆ ಕ್ಷಯ ಮರುಕಳಿಸುವ ಸಂಭವ ಹೆಚ್ಚು.

5. ತೊಂದರೆ ಉಳಿದವರ ಆರೈಕೆ

ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯಂತೆ ಚಿಕಿತ್ಸೆ ಮುಗಿಸಿದವರನ್ನು 6, 12, 18 ಮತ್ತು 24ನೇ ತಿಂಗಳಲ್ಲಿ ಮರುತಪಾಸಣೆ ಮಾಡಬೇಕು. ಈ ನಾಲ್ಕು ಭೇಟಿಗಳೇ ಕ್ಷಯೋತ್ತರ ಆರೈಕೆಯ ಬೆನ್ನೆಲುಬು. ಅಂದು ಕೇಳಬೇಕಾದ ಪ್ರಶ್ನೆಗಳು ಸರಳ: ಸಮವಯಸ್ಕರ ಜೊತೆ ನಡೆಯಲು ಸಾಧ್ಯವೇ? ಏರು ಹತ್ತುವಾಗ ಎಷ್ಟು ಸಲ ನಿಲ್ಲಬೇಕಾಗುತ್ತದೆ? ಕಫ ಎಷ್ಟು, ಯಾವ ಬಣ್ಣದ್ದು? ತೂಕ ಏರಿದೆಯೇ? ಉಸಿರಾಟದ ತೊಂದರೆ ಇದ್ದವರಿಗೆ ಎಕ್ಸ್-ರೇ, ಶ್ವಾಸ ಸಾಮರ್ಥ್ಯವನ್ನು ಅಳೆಯುವ ಸ್ಪೈರೋಮೆಟ್ರಿ, ಆರು ನಿಮಿಷಗಳ ನಡಿಗೆ ಪರೀಕ್ಷೆ ಮತ್ತು ಬೆರಳಿಗೆ ತೊಡಿಸುವ ಪಲ್ಸ್ ಆಕ್ಸಿಮೀಟರ್ ಪರೀಕ್ಷೆ ಆಗಬೇಕು. ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಮತ್ತು ನಗರದ ಸುತ್ತಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಸಾಮೀಪ್ಯವು ಈ ಜಿಲ್ಲೆಗೆ ಇರುವ ದೊಡ್ಡ ಅನುಕೂಲ.

ಶ್ವಾಸನಾಳ ಕಿರಿದಾಗಿದ್ದರೆ ಇನ್‌ಹೇಲರ್ ನೆರವಾಗುತ್ತದೆ. ‘ಒಮ್ಮೆ ಹಿಡಿದರೆ ಬಿಡದು’ ಎಂಬ ಭಯ ಆಧಾರರಹಿತ. ಬಳಸುವ ಕ್ರಮವನ್ನು ಮಾತ್ರ ಸರಿಯಾಗಿ ಕಲಿಯಬೇಕು. ಫ್ಲೂ ಮತ್ತು ನ್ಯುಮೋನಿಯಾ ತಡೆಯುವ ಲಸಿಕೆಗಳ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.

ಔಷಧಿಯಷ್ಟೇ ಮುಖ್ಯವಾದುದು ಶ್ವಾಸಕೋಶದ ಪುನಶ್ಚೇತನ ಅಭ್ಯಾಸ. ಇದಕ್ಕೆ ಯಂತ್ರಗಳು ಬೇಕಿಲ್ಲ. ಫಿಸಿಯೋಥೆರಪಿ ತಜ್ಞರಿಂದ ಒಮ್ಮೆ ಕಲಿತು ಮನೆಯಲ್ಲಿ ಮುಂದುವರಿಸಬಹುದು:

• ಮೂಗಿನಿಂದ ಎರಡು ಎಣಿಸುವಷ್ಟು ಕಾಲ ಉಸಿರೆಳೆದು, ತುಟಿಗಳನ್ನು ಕೂಡಿಸಿ ನಾಲ್ಕು ಎಣಿಸುವಷ್ಟು ಕಾಲ ಮೆಲ್ಲನೆ ಹೊರಬಿಡುವುದು. ಬಲವಾಗಿ ಊದಬಾರದು. ಏರು ಹತ್ತುವಾಗ ದಮ್ಮು ಕಟ್ಟಿದರೆ ಇದು ತಕ್ಷಣ ಸಹಾಯಕ್ಕೆ ಬರುತ್ತದೆ.

• ಕಫ ಹೊರತೆಗೆಯಲು ಕೆಲವು ಸಲ ಆಳವಾಗಿ ಉಸಿರಾಡಿ, ಬಳಿಕ ಬಾಯಿ ತೆರೆದು, ಕನ್ನಡಿಯ ಮೇಲೆ ಹಬೆ ಬರಿಸುವಂತೆ ‘ಹಾ’ ಎಂದು ಉಸಿರು ದಬ್ಬುವುದು. ದಿನಕ್ಕೆ ಎರಡು ಹೊತ್ತು ಇದನ್ನು ಮಾಡಿದರೆ ಕಫ ಕಟ್ಟಿಕೊಳ್ಳುವುದು ತಗ್ಗುತ್ತದೆ.

• ಸಮತಟ್ಟಾದ ಜಾಗದಲ್ಲಿ ನಡಿಗೆ. ಮೊದಲು ಐದು ಹತ್ತು ನಿಮಿಷ, ವಾರವಾರವೂ ಸ್ವಲ್ಪ ಹೆಚ್ಚು. ಮಳೆಗಾಲದಲ್ಲಿ ಉದ್ದನೆಯ ಜಗಲಿಯೋ ಸಮುದಾಯ ಭವನವೋ ಸಾಕು.

ಹೀಗೆ ಎರಡು ತಿಂಗಳು ತಪ್ಪದೆ ಅಭ್ಯಾಸ ಮಾಡಿದವರಲ್ಲಿ ನಡೆಯುವ ಶಕ್ತಿ ಹೆಚ್ಚುವುದು ಕಂಡುಬಂದಿದೆ. ಹಾಳಾದ ಶ್ವಾಸಕೋಶ ಹೊಸದಾಗುವುದಿಲ್ಲ. ಉಳಿದಿರುವ ಭಾಗವನ್ನೂ ಕೈಕಾಲುಗಳ ಬಲವನ್ನೂ ಪೂರ್ಣವಾಗಿ ಬಳಸಿಕೊಳ್ಳುವ ಸಾಮರ್ಥ್ಯ ಬರುತ್ತದೆ.

6. ತಡಮಾಡಬಾರದ ಸೂಚನೆಗಳು

ಕೆಮ್ಮಿನಲ್ಲಿ ರಕ್ತ ಬಂದರೆ ಅದು ಎಷ್ಟೇ ಕಡಿಮೆಯಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ರಕ್ತ ಹೆಚ್ಚಾಗಿದ್ದರೆ ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ 108 ಆಂಬುಲೆನ್ಸಿಗೆ ಕರೆಮಾಡಬೇಕು. ಯಾವ ಬದಿಯ ಶ್ವಾಸಕೋಶಕ್ಕೆ ಹಾನಿಯಾಗಿದೆ ಎಂಬುದು ಗೊತ್ತಿದ್ದು ಮಲಗಿಸಬೇಕಾದರೆ ಆ ಬದಿಯನ್ನೇ ಕೆಳಗೆ ಮಾಡಿ ಮಲಗಿಸಬೇಕು. ವಿಶ್ರಾಂತಿಯಲ್ಲಿದ್ದಾಗಲೂ ಏದುಸಿರು, ತುಟಿ ಉಗುರು ನೀಲಿಯಾಗುವುದು, ಆಕ್ಸಿಮೀಟರಿನಲ್ಲಿ ಶೇ. 90ಕ್ಕಿಂತ ಕಡಿಮೆ ಅಂಕಿ, ಜ್ವರದೊಂದಿಗೆ ಕಫ ಹಸಿರಾಗುವುದು, ಹಠಾತ್ ಎದೆನೋವು, ಕಾಲು ಬಾತುಕೊಳ್ಳುವುದು ಇವೂ ಆಸ್ಪತ್ರೆಗೆ ಕರೆದೊಯ್ಯಬೇಕಾದ ಚಿಹ್ನೆಗಳು. ಬಿ.ಪಿ.ಎಲ್. ಪಡಿತರ ಚೀಟಿ ಉಳ್ಳ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ಸೌಲಭ್ಯವಿದೆ. ರೋಗಿ ಚೆನ್ನಾಗಿರುವಾಗಲೇ ಕಾರ್ಡು ಮಾಡಿಸಿಟ್ಟರೆ ತುರ್ತಿನ ವೇಳೆ ಅಲೆದಾಟ ತಪ್ಪುತ್ತದೆ.

7. ದುಡಿಮೆ ಮತ್ತು ಕಳಂಕ

ಚಿಕಿತ್ಸೆ ಪೂರ್ಣಗೊಳಿಸಿ, ಪರೀಕ್ಷೆಯಲ್ಲಿ ರೋಗಾಣು ಇಲ್ಲವೆಂದು ಖಚಿತವಾದವರ ಹಳೆಯ ಕೆಮ್ಮು ಹರಡುವ ರೋಗವಲ್ಲ. ಆದರೂ ಅವರನ್ನು ಮದುವೆ, ಕೋಲ, ಉತ್ಸವಗಳ ಪಂಕ್ತಿಯಲ್ಲಿ ದೂರವಿಡುವುದು, ಕೆಲಸಕ್ಕೆ ಕರೆಯದಿರುವುದು ಅಲ್ಲಲ್ಲಿ ನಡೆಯುತ್ತದೆ. ಇದನ್ನು ಮಾತಿನಿಂದ ತಿದ್ದುವ ಅಧಿಕಾರ ಮತ್ತು ಗೌರವ ಚುನಾಯಿತ ಪ್ರತಿನಿಧಿಗೆ ಇದೆ. ಸದಸ್ಯರೇ ಅವರ ಮನೆಯಲ್ಲಿ ಕುಳಿತು ಚಹಾ ಕುಡಿದರೆ ಊರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಪಟ್ಟಿಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಶ್ವಾಸಕೋಶದ ದೀರ್ಘಕಾಲದ ತೊಂದರೆ ಸೇರಿಲ್ಲ. ಆದ್ದರಿಂದ ಮರ ಹತ್ತಲಾಗದ, ಕಲ್ಲು ಹೊರಲಾಗದ ಈ ವ್ಯಕ್ತಿಗೆ ಪ್ರಮಾಣಪತ್ರವೂ ಇಲ್ಲ, ಅದರಿಂದ ಬರುವ ಪಿಂಚಣಿಯೂ ಇಲ್ಲ. ಹೊರನೋಟಕ್ಕೆ ಆರೋಗ್ಯವಂತರಂತೆ ಕಾಣುವುದರಿಂದ ‘ಸೋಮಾರಿ’ ಎಂಬ ಮಾತೂ ಸೇರುತ್ತದೆ. ಇಂಥವರಿಗೆ ಹಗುರವಾದ ದುಡಿಮೆಯನ್ನು ಹುಡುಕಿಕೊಡುವುದು ಪಂಚಾಯತ್‌ನ ಕೈಯಲ್ಲಿರುವ ನಿಜವಾದ ನೆರವು.

8. ಗ್ರಾಮ ಪಂಚಾಯತ್‌ಗಳು ಕೈಗೊಳ್ಳಬಹುದಾದ ಕ್ರಮಗಳು

ಕ್ಷಯಮುಕ್ತ ಪಂಚಾಯತ್ ಉಪಕ್ರಮವು 2023ರ ಮಾರ್ಚ್ 24ರಂದು, ವಿಶ್ವ ಕ್ಷಯರೋಗ ದಿನದಂದು ಆರಂಭವಾಯಿತು. ಸಾವಿರ ಜನಸಂಖ್ಯೆಗೆ ಕನಿಷ್ಠ 30 ಶಂಕಿತರ ಪರೀಕ್ಷೆ, ಸಾವಿರಕ್ಕೆ ಒಂದನ್ನು ಮೀರದ ಪ್ರಕರಣಗಳು, ಕನಿಷ್ಠ ಶೇ. 85 ಚಿಕಿತ್ಸಾ ಯಶಸ್ಸು ಮುಂತಾದವು ಅದರ ಮಾನದಂಡಗಳು. ಗುಣವಾದವರ ಮುಂದಿನ ಸ್ಥಿತಿ ಈ ಮಾನದಂಡಗಳಲ್ಲಿಲ್ಲ. ಪ್ರಮಾಣಪತ್ರಕ್ಕೆ ಅಗತ್ಯವಿಲ್ಲದಿದ್ದರೂ ಗ್ರಾಮಕ್ಕೆ ಅಗತ್ಯವಾದ ಕೆಲಸವಿದು. ಪ್ರಕರಣಗಳ ಸಂಖ್ಯೆ ಏರೀತೆಂಬ ಅಂಜಿಕೆಯಿಂದ ಹಳೆಯ ರೋಗಿಯ ಹೊಸ ಕೆಮ್ಮನ್ನು ಪರೀಕ್ಷೆಗೆ ಒಳಪಡಿಸದಿರುವುದಂತೂ ಉಪಕ್ರಮದ ಉದ್ದೇಶಕ್ಕೇ ವಿರುದ್ಧ.

1) ಕಳೆದ ಎರಡು ವರ್ಷಗಳಲ್ಲಿ ಚಿಕಿತ್ಸೆ ಮುಗಿಸಿದವರಿಗೆ ನಾಲ್ಕು ಮರುತಪಾಸಣೆಗಳು ನಡೆದಿವೆಯೇ ಎಂಬುದನ್ನು ಸಮುದಾಯ ಆರೋಗ್ಯ ಅಧಿಕಾರಿ ಹಾಗೂ ಆಶಾ ಕಾರ್ಯಕರ್ತೆಯರ ಮೂಲಕ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದು. ಸಭೆಯಲ್ಲಿ ಸಂಖ್ಯೆಗಳನ್ನು ಮಾತ್ರ ಓದಬೇಕು. ಯಾರ ಹೆಸರನ್ನೂ ಗ್ರಾಮಸಭೆಯಲ್ಲಿ ಹೇಳಬಾರದು, ಫಲಕದಲ್ಲಿ ಬರೆಯಬಾರದು.

2) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮೂಲಕ ಪಲ್ಸ್ ಆಕ್ಸಿಮೀಟರ್ ಮತ್ತು ತೂಕದ ಯಂತ್ರ ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವುದು.

3) ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ, ಹಾಲು ಉತ್ಪಾದಕರ ಸಂಘ, ಯುವಕ ಮಂಡಲ, ದೇವಸ್ಥಾನ, ಮಸೀದಿ, ಇಗರ್ಜಿಗಳನ್ನು ನಿಕ್ಷಯ್ ಮಿತ್ರರಾಗಲು ಕೋರುವುದು, ಆಹಾರದ ಕಿಟ್ ರೋಗಿಯ ಮನೆಯವರಿಗೂ ತಲುಪುವಂತೆ ಮಾಡುವುದು.

4) ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಇಂಥವರಿಗೆ ಕುಡಿಯುವ ನೀರು ಒದಗಿಸುವುದು, ಹಾಜರಿ ಬರೆಯುವುದು, ಸಸಿ ಪಾಲನೆಯಂತಹ ಹಗುರ ಕೆಲಸ ನೀಡುವುದು, ಸಂಜೀವಿನಿ ಸ್ವಸಹಾಯ ಗುಂಪುಗಳ ಮೂಲಕ ಮನೆಯಲ್ಲೇ ಮಾಡಬಹುದಾದ ಉದ್ಯೋಗ ಒದಗಿಸುವುದು.

5) ತಾಲೂಕಿನ ಆಸ್ಪತ್ರೆಯ ಫಿಸಿಯೋಥೆರಪಿ ತಜ್ಞರನ್ನು ಅಥವಾ ವೈದ್ಯಕೀಯ ಕಾಲೇಜಿನ ತಂಡವನ್ನು ಕರೆಸಿ ಉಸಿರಾಟದ ಅಭ್ಯಾಸದ ಶಿಬಿರ ನಡೆಸುವುದು, ಆಶಾ ಕಾರ್ಯಕರ್ತೆಯರಿಗೂ ಅದನ್ನು ಕಲಿಸುವುದು.

6) ಒಣ ಎಲೆ, ಪ್ಲಾಸ್ಟಿಕ್ ಸುಡುವುದನ್ನು ತಡೆಯುವುದು, ಕೋರೆ ಮತ್ತು ಕಾರ್ಖಾನೆಗಳ ಪರವಾನಗಿ ವಿಷಯ ಪಂಚಾಯತ್ ಮುಂದೆ ಬಂದಾಗ ಹುಡಿ ನಿಯಂತ್ರಣ ಕ್ರಮಗಳ ಬಗ್ಗೆ ವಿಚಾರಿಸುವುದು.

7) ನಿಕ್ಷಯ್ ಸಹಾಯವಾಣಿ 1800-11-6666 ಮತ್ತು ಆರೋಗ್ಯವಾಣಿ 104 ಸಂಖ್ಯೆಗಳನ್ನು ಪಂಚಾಯತ್ ಕಚೇರಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿ ಮತ್ತು ಬೀಡಿ ಬ್ರಾಂಚುಗಳಲ್ಲಿ ಪ್ರದರ್ಶಿಸುವುದು.

ಇವುಗಳಲ್ಲಿ ಹೆಚ್ಚಿನವು ಹೊಸ ಅನುದಾನವನ್ನು ಬೇಡುವುದಿಲ್ಲ. ಈಗಾಗಲೇ ಇರುವ ಸಮಿತಿ, ಸಿಬ್ಬಂದಿ ಮತ್ತು ಯೋಜನೆಗಳನ್ನು ಚಿಕಿತ್ಸೆ ಮುಗಿದ ದಿನದ ಆಚೆಗೂ ಎರಡು ವರ್ಷ ಮುಂದುವರಿಸಿದರೆ ಸಾಕು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ತಮ್ಮ ವ್ಯಾಪ್ತಿಯಲ್ಲಿ ಚಿಕಿತ್ಸೆ ಮುಗಿಸಿದವರೆಷ್ಟು, ಅವರಲ್ಲಿ ಹಿಂದಿನ ದುಡಿಮೆಗೆ ಮರಳಿದವರೆಷ್ಟು ಎಂಬ ಎರಡು ಅಂಕಿಗಳನ್ನು ಸದಸ್ಯರು ಮೊದಲಿಗೆ ಕಲೆಹಾಕುವುದು ಅಪೇಕ್ಷಣೀಯ. ಆ ಎರಡರ ನಡುವಿನ ಅಂತರವೇ ಪಂಚಾಯತ್‌ನ ಮುಂದಿರುವ ಕೆಲಸದ ಅಳತೆ.